ಓದಿಗೊಂದು ನಕ್ಷೆ

ಓದುವುದೆಂದರೆ ಪುಟ ಮುಗಿಸುವುದೆಂದು ನಾನು ಬಹುದಿನ ನಂಬಿದ್ದೆನು. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆ ನಂಬಿಕೆಯನ್ನು ಮುರಿಯಿತು. ಎಷ್ಟೊಂದು ಮನೆಗಳು, ಎಷ್ಟೊಂದು ಹೆಸರುಗಳು! ಎರಡು ಸಲ ಓದಿದರೂ ಕಥೆ ಕೈಗೆ ಸಿಕ್ಕಲಿಲ್ಲ. ತರಗತಿಯಲ್ಲಿ ಗುರುಗಳು, “ಗುತ್ತಿಯ ಕಥೆಗೂ ಚಿನ್ನಮ್ಮನ ಕಥೆಗೂ ಏನಯ್ಯಾ ಸಂಬಂಧ?” ಎಂದಾಗ ತಲೆತಗ್ಗಿಸಿ ನಿಂತೆನು.

ಅವರು ಗದರಲಿಲ್ಲ. “ಹೆಸರುಗಳನ್ನು ಹಾಳೆಯ ಮೇಲೆ ಬರೆ. ನಡುವೆ ಗೆರೆ ಎಳೆ. ಪ್ರತಿ ಗೆರೆಯ ಮೇಲೂ ಸಂಬಂಧ ಹೇಳುವ ಒಂದು ಮಾತಿರಲಿ” ಎಂದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1972ರಲ್ಲಿ ಇಂಥದೇ ‘ಪರಿಕಲ್ಪನಾ ನಕ್ಷೆ’ಯನ್ನು ರೂಪಿಸಿದ್ದರೆಂದು ಆಮೇಲೆ ತಿಳಿಯಿತು.

ಆ ರಾತ್ರಿ ಕುಳಿತು ಬರೆದೆನು. ಗುತ್ತಿಯಿಂದ ಸಿಂಬಾವಿಯ ಭರಮೈಹೆಗ್ಗಡೆಯವರಿಗೆ ಎಳೆದ ಗೆರೆಯ ಮೇಲೆ ‘ಒಡೆಯ’ ಎಂದು ಬರೆದೆನು. ಚಿನ್ನಮ್ಮನ ಹೆಸರಿನಿಂದ ಹೊರಟ ಗೆರೆಗೆ ಮಾತು ಸಿಕ್ಕಲಿಲ್ಲ; ಮತ್ತೆ ಪುಸ್ತಕ ತೆರೆದೆನು. ಅದೂ ಅದೇ ಹೆಗ್ಗಡೆಯವರಲ್ಲಿಗೆ ಬಂದಿತು: ‘ಒಲ್ಲದ ವರ’! ಅವರ ಆಳು ತಿಮ್ಮಿಯನ್ನು ಕರೆದುಕೊಂಡು ಓಡುತ್ತಾನೆ. ಅವರಿಗೆಂದು ನಿಶ್ಚಯವಾದ ಹೆಣ್ಣು ಮುಕುಂದಯ್ಯನನ್ನು ನಂಬಿ ಮನೆ ಬಿಡುತ್ತಾಳೆ. ಹೊಲಗೇರಿಯ ಕಥೆ, ಹೆಗ್ಗಡೆಮನೆಯ ಕಥೆ ಎಂದು ನಾನು ಬೇರೆಯಿಟ್ಟಿದ್ದವು ಒಂದೇ ಆಗಿ ಕಂಡವು.

ಗೆಳೆಯನೊಬ್ಬ ನನ್ನ ನಕ್ಷೆಯನ್ನು ನಕಲು ಮಾಡಿಕೊಂಡು ಪರೀಕ್ಷೆಗೆ ಹೋದನು. “ಹೆಸರೆಲ್ಲ ನೆನಪಿತ್ತು, ಗೆರೆಗಳೇ ಮರೆತವು ಮಾರಾಯ” ಎಂದು ಹೊರಬಂದನು. ನಕ್ಕೆನಾದರೂ ಮನಸ್ಸು ನೊಂದಿತು. ನಾನು ಅವನಿಗೆ ಕೊಡಬೇಕಾಗಿದ್ದುದು ತುಂಬಿದ ಹಾಳೆಯನ್ನಲ್ಲ, ಖಾಲಿ ಹಾಳೆಯನ್ನು. ಮಾತು ಸಿಕ್ಕದೆ ಬರಿದಾಗಿ ಉಳಿದ ಗೆರೆಯೇ ಅಲ್ಲವೆ, ನನ್ನನ್ನು ಮರಳಿ ಪುಸ್ತಕಕ್ಕೆ ಕಳುಹಿದುದು?