ಸಾಂಬ್ರಾ: ಸದ್ದಡಗಿದರೂ ಮುಚ್ಚದ ಬಯಲು

ರಾಮದುರ್ಗದ ಕಡೆಯಿಂದ ಯರಗಟ್ಟಿ, ನೇಸರಗಿ ಮಾರ್ಗವಾಗಿ ಬೆಳಗಾವಿಗೆ ಹೊರಟ ಬಸ್ಸು ಮಾರಿಹಾಳ ದಾಟಿತೆಂದರೆ ಸಾಕು, ಪ್ರಯಾಣಿಕರು ಚೀಲಗಳನ್ನು ಸರಿಪಡಿಸಿಕೊಳ್ಳತೊಡಗುತ್ತಾರೆ. ಊರು ಬಂತೆಂಬ ಆ ಗಡಿಬಿಡಿಯಲ್ಲಿ ಸಾಂಬ್ರಾದ ವಿಮಾನ ನಿಲ್ದಾಣದತ್ತ ಕಣ್ಣು ಹಾಯಿಸುವವರು ಕಡಿಮೆ. ಎಷ್ಟೋ ವರ್ಷ ನಾನೂ ಹಾಗೆಯೇ ದಾಟಿ ಹೋದವನು.

2018ರ ಬೇಸಿಗೆಯಲ್ಲಿ, ಆಗಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದ ಮಗಳು ಕಿಟಕಿಯಿಂದ ನೋಡಿ, 'ಅಪ್ಪಾ, ಇದು ಬಂದ್ ಆಗೇತೇನ?' ಎಂದು ಕೇಳಿದಳು. ಪ್ರಶ್ನೆ ಅಕಾರಣವಾಗಿರಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಇಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಗಿತ್ತು. ವರ್ಷ ತುಂಬುವ ಮೊದಲೇ ವಿಮಾನಗಳು ಹುಬ್ಬಳ್ಳಿಗೆ ಸರಿದಿದ್ದವು. ಬಣ್ಣ ಮಾಸದ ಕಟ್ಟಡ ಪ್ರಯಾಣಿಕರಿಲ್ಲದೆ ಬಿಕೋ ಎನ್ನುತ್ತಿತ್ತು.

ಆದರೆ ಈ ಬಯಲಿನ ಕಥೆ ಆರಂಭವಾದದ್ದು ಪ್ರಯಾಣಿಕರಿಂದಲ್ಲ, ಯುದ್ಧದಿಂದ. 1942ರಲ್ಲಿ ಎರಡನೆಯ ಮಹಾಯುದ್ಧ ಬರ್ಮಾದವರೆಗೂ ಬಂದಾಗ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಇಲ್ಲಿ ತರಬೇತಿಗೆಂದು ವಿಮಾನನೆಲೆ ಕಟ್ಟಿತು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಈ ಬಯಲು ಉತ್ತರ ಕರ್ನಾಟಕದ ಅತ್ಯಂತ ಹಳೆಯ ವಿಮಾನ ನಿಲ್ದಾಣವೆನಿಸಿತು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು. ನೆಲೆ ಮಾತ್ರ ಉಳಿಯಿತು.

1961ರ ಡಿಸೆಂಬರ್‌ನಲ್ಲಿ ಅದಕ್ಕೆ ಮತ್ತೆ ಕೆಲಸ ಬಂತು. ಗೋವಾ ವಿಮೋಚನೆಗೆಂದು ಭೂಸೇನೆ ಬೆಳಗಾವಿ ಸುತ್ತಮುತ್ತ ಜಮಾಯಿಸಿತ್ತು. 18ರಂದು ಹಂಟರ್ ಯುದ್ಧವಿಮಾನಗಳು ಸಾಂಬ್ರಾದಿಂದ ಮೇಲೆದ್ದು, ಸಹ್ಯಾದ್ರಿ ದಾಟಿ, ಗೋವಾದ ಬಾಂಬೋಲಿಮ್ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದವು. ಮರುದಿನವೇ ಪೋರ್ಚುಗೀಸರು ಶರಣಾದರು. 451 ವರ್ಷಗಳ ಆಳ್ವಿಕೆ ಎರಡೇ ದಿನಗಳಲ್ಲಿ ಕೊನೆಗೊಂಡಿತು!

ವಿಮಾನ ನಿಲ್ದಾಣಗಳ ಹಣೆಬರಹವೇ ಹೀಗೆ. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವನ್ನೇ ನೋಡಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ತೆರೆಯುತ್ತಿದ್ದಂತೆ ಅಲ್ಲಿಂದ ದಿನನಿತ್ಯದ ಪ್ರಯಾಣಿಕ ವಿಮಾನಗಳು ನಿಂತವು. ಹಾಗೆಂದು ರನ್‌ವೇ ಹುಲ್ಲು ಬೆಳೆದು ಹಾಳಾಗಲಿಲ್ಲ. ಸೇನೆಯ ಹಾಗೂ ಪರೀಕ್ಷಾ ಹಾರಾಟಗಳು ನಡೆದೇ ಇದ್ದವು. ಸಾಂಬ್ರಾದಲ್ಲೂ ಅಷ್ಟೆ. ಟರ್ಮಿನಲ್ ಬಿಕೋ ಎಂದಾಗಲೂ ಪಕ್ಕದ ವಾಯುಪಡೆಯ ತರಬೇತಿ ಶಾಲೆಯಲ್ಲಿ ಕವಾಯತು ನಿಲ್ಲಲಿಲ್ಲ. 2019ರಲ್ಲಿ 'ಉಡಾನ್' ಯೋಜನೆಯ ಮೂರನೆಯ ಸುತ್ತಿನಲ್ಲಿ ಬೆಳಗಾವಿಯ ಹೆಸರು ಬಂದ ಮೇಲೆ ಪ್ರಯಾಣಿಕ ವಿಮಾನಗಳೂ ಮರಳಿದವು.

ಮೊನ್ನೆ ಅದೇ ದಾರಿಯಲ್ಲಿ ಮತ್ತೆ ಮೂವರೂ ಹೊರಟಿದ್ದೆವು. ಮಗಳೀಗ ಪಿಯುಸಿ. ಅಗ್ನಿವೀರ ವಾಯು ಪರೀಕ್ಷೆ ಬರೆಯುವ ಹಂಬಲ. 2023ರ ಡಿಸೆಂಬರಿನಲ್ಲಿ ಇದೇ ಸಾಂಬ್ರಾದಲ್ಲಿ ತರಬೇತಿ ಮುಗಿಸಿದ ತಂಡದಲ್ಲಿ ಯುವತಿಯರೂ ಇದ್ದರೆಂಬುದನ್ನು ಅವಳು ಪತ್ರಿಕೆಯಲ್ಲಿ ಓದಿದ್ದಾಳೆ. ಅವಳ ತಾಯಿಗೆ ಮಾತ್ರ ಸಮಾಧಾನವಿಲ್ಲ.

'ನಾಕ ವರ್ಷ ಆದಮ್ಯಾಲೆ ಮುಂದೇನವ್ವಾ?'

ತಾಯಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸೇವೆ ನಾಲ್ಕೇ ವರ್ಷ. ಆ ಬಳಿಕ ಕಾಯಂ ಆಗುವವರು ಗರಿಷ್ಠ ಶೇ. 25ರಷ್ಟು ಮಂದಿ. ಉಳಿದವರು ಬೇರೆ ದಾರಿ ನೋಡಿಕೊಳ್ಳಬೇಕು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಡಿಗ್ರಿನೂ ಕಟ್ತೀನವ್ವಾ, ಎರಡೂ ಮಾಡ್ತೀನಿ' ಎಂದಳು. ತಾಯಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ವಾಯುಪಡೆಯ ಆವರಣಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ರಸ್ತೆಯಿಂದ ನೋಡಿಯೇ ತೃಪ್ತಿಪಡಬೇಕು. ಬೆಳಗಾವಿಗೆ ಇನ್ನು ಹತ್ತು-ಹನ್ನೊಂದು ಕಿ.ಮೀ. ಇದೆ ಎನ್ನುವಾಗ, ಮಕ್ಕಳೊಂದಿಗೆ ಆ ದಾರಿಯಲ್ಲಿ ಹೋಗುವವರು ಚೀಲ ಸರಿಪಡಿಸುವುದನ್ನು ಕೊಂಚ ತಡಮಾಡಿ ಹೊರಗೆ ನೋಡಿರಿ. ಅಂದು ನಾವು ನೋಡುತ್ತಿದ್ದಾಗಲೇ ಒಂದು ವಿಮಾನ ಇಳಿಯಿತು. ಮೊದಲು ಎದ್ದು ನಿಂತು ನೋಡಿದವಳು ಅವಳ ತಾಯಿ.