ಎರಡೂ ಒಟ್ಟಿಗೆ ಎಳೆಯಬೇಕು

ನಲ್ಲೂರು

ಪ್ರೀತಿಯ ಪುಟ್ಟಿ,

ಅಡಿಕೆ ಕೊಯ್ಲು ನಡೆದಿದೆ. ಸುಲಿಯುವವರ ಊಟ, ಕಾಫಿ ನೋಡಿಕೊಳ್ಳುವುದರಲ್ಲೇ ನಿನ್ನ ಚಿಕ್ಕಮ್ಮನಿಗೆ ದಿನ ಕಳೆಯುತ್ತಿದೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಿಧಾನವಾಗಿ ಉತ್ತರ ಹೇಳಲಾಗಲಿಲ್ಲ. ಕಾಗದದಲ್ಲಾದರೆ ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಬಹುದು ಅಂತ ಬರೆಯುತ್ತಿದ್ದೇನೆ.

ನಿಮ್ಮ ಅಪ್ಪನ ರಾಜ್‌ದೂತ್ 350 ಸ್ಲೋದಲ್ಲಿ ನಿಲ್ಲುತ್ತಿಲ್ಲ, ಬಲಗಡೆ ಸೈಲೆನ್ಸರಿನಲ್ಲಿ ಹೊಗೆ ಜಾಸ್ತಿ, ಗ್ಯಾರೇಜಿನವರು ಮಾರಿಬಿಡಿ ಅಂದರು ಅಂತ ನೀನು ಹೇಳಿದೆ. ಮಾರಬೇಡ. ಯಮಹಾ ಆರ್‌ಡಿ 350ಯನ್ನು ಎಸ್ಕಾರ್ಟ್ಸ್‌ನವರು 1983ರಲ್ಲಿ ನಮ್ಮ ದೇಶಕ್ಕೆ ತಂದು ರಾಜ್‌ದೂತ್ ಹೆಸರಲ್ಲಿ ಮಾರಿದರು. ಆ ದಶಕ ಮುಗಿಯುವ ಹೊತ್ತಿಗೆ ಅದರ ಕಥೆಯೂ ಮುಗಿದಿತ್ತು. 347 ಸಿ.ಸಿ., ಎರಡು ಸಿಲಿಂಡರು, ಆರು ಗೇರು. ಪೆಟ್ರೋಲ್ ಕುಡಿಯುತ್ತದೆ ಅಂತ ಆಗ ಜನ ದೂರವಿಟ್ಟ ಗಾಡಿಯನ್ನೇ ಈಗ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಅಪ್ಪ ಮಾತ್ರ ಮೊದಲಿನಿಂದಲೂ ಅದನ್ನು ಬಿಟ್ಟುಕೊಡಲಿಲ್ಲ. ಅದರಲ್ಲಿ ಚನ್ನಗಿರಿಗೆ ಹೋಗುವಾಗ ಅವನ ಮುಖ ನೋಡಬೇಕಿತ್ತು ನೀನು.

ಇದು ಯೆಜ್ದಿಯ ಹಾಗಲ್ಲ. ನಿಮ್ಮ ಮೈಸೂರಿನದೇ ಆದ ಆ ಗಾಡಿಗೆ ಸೈಲೆನ್ಸರು ಎರಡಿದ್ದರೂ ಸಿಲಿಂಡರು ಒಂದೇ, ಕಾರ್ಬೋರೇಟರೂ ಒಂದೇ. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಯೆಜ್ದಿಯನ್ನು ಬಿಚ್ಚಿ ಕೂಡಿಸಬಲ್ಲವರು ಅಲ್ಲಿ ಇನ್ನೂ ಇದ್ದಾರೆ. ಆದರೆ ನಿಮ್ಮ ಅಪ್ಪನ ಗಾಡಿಯಲ್ಲಿ ಸಿಲಿಂಡರಿಗೊಂದು ಕಾರ್ಬೋರೇಟರ್. ಒಂದು ಮೊದಲು ತೆರೆದು ಇನ್ನೊಂದು ಹಿಂದುಳಿದರೆ ಜೋಡೆತ್ತಿನಲ್ಲಿ ಒಂದು ಮಾತ್ರ ನೊಗಕ್ಕೆ ಹೆಗಲು ಕೊಟ್ಟ ಹಾಗೆ. ಗಾಡಿ ಹೋಗುತ್ತದೆ, ಆದರೆ ಎಳೆಯುವುದು ಸೋಲುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದ್ದು ಇಷ್ಟು: ಕಾರ್ಬೋರೇಟರಿನ ಸ್ಕ್ರೂಗೆ ಕೈ ಹಾಕುವುದು ಎಲ್ಲದಕ್ಕಿಂತ ಕೊನೆಗೆ. ಬೇರೆ ಕಡೆಯ ದೋಷವನ್ನು ಸ್ಕ್ರೂ ತಿರುಗಿಸಿ ಮುಚ್ಚಿದರೆ ಎರಡು ದಿನ ಚೆನ್ನಾಗಿ ಓಡಿ ಮೂರನೇ ದಿನ ಕೈಕೊಡುತ್ತದೆ.

ಮೊದಲು ಹೊಗೆಯ ವಿಚಾರ. ಈ ಎಂಜಿನ್ನಿಗೆ ಕ್ಲಚ್ ಇರುವುದು ಬಲಗಡೆ. ಆ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಸವೆದರೆ ಗೇರ್ ಆಯಿಲನ್ನು ಬಲಗಡೆ ಸಿಲಿಂಡರ್ ಎಳೆದುಕೊಂಡು ಸುಡುತ್ತದೆ. ಗೇರ್ ಆಯಿಲ್ ಮಟ್ಟ ಕಮ್ಮಿಯಾಗಿದೆಯಾ ನೋಡು. ಆಗಿದ್ದರೆ ತಪ್ಪು ಕಾರ್ಬೋರೇಟರಿನದಲ್ಲ. ಎಡಗಡೆ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ರೇಸ್ ಬಿಟ್ಟರೂ ಎಂಜಿನ್ ಇಳಿಯದೆ ಕೂಗುತ್ತಿರುತ್ತದೆ. ಆ ಸ್ಥಿತಿಯಲ್ಲಿ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ.

ಆಮೇಲೆ ಇಗ್ನಿಷನ್ ಪಾಯಿಂಟು. ಎರಡು ಸಿಲಿಂಡರಿಗೆ ಎರಡು ಸೆಟ್ ಇವೆ. ಎರಡರ ಗ್ಯಾಪೂ 0.3ರಿಂದ 0.4 ಮಿ.ಮೀ. ಒಳಗಿರಲಿ, ಟೈಮಿಂಗ್ ಬೇರೆ ಬೇರೆಯಾಗಿಯೇ ನೋಡಬೇಕು. ಏರ್ ಫಿಲ್ಟರ್ ತೊಳೆ. ಮಳೆಗಾಲವಿಡೀ ನಿಂತಿದ್ದ ಗಾಡಿ, ಪೆಟ್ರೋಲ್ ಆರಿ ಜೆಟ್ಟುಗಳಲ್ಲಿ ಅಂಟು ಕೂತಿರುತ್ತದೆ. ಪೈಲಟ್ ಜೆಟ್ಟನ್ನು ಗಾಳಿ ಹೊಡೆದು ತೆಗೆ, ತಂತಿ ಮಾತ್ರ ತೂರಿಸಬೇಡ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಆ ಜೆಟ್ ಹೋಯಿತು ಅಂತಲೇ ಲೆಕ್ಕ. ಎರಡರ ಫ್ಲೋಟ್ ಎತ್ತರವೂ ಒಂದೇ ಇರಬೇಕು.

ಈಗ ಬ್ಯಾಲೆನ್ಸ್. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಬೈಕುಗಳಿಗೆ ವ್ಯಾಕ್ಯೂಮ್ ಗೇಜ್ ಹಚ್ಚುತ್ತಾರೆ. ನಮ್ಮದಕ್ಕೆ ಬೆರಳು, ಕಿವಿ ಸಾಕು. ಏರ್ ಸ್ಕ್ರೂ ಎರಡನ್ನೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತೆಗೆ. ಇದು ಗಾಳಿಯ ಸ್ಕ್ರೂ, ಒಳಗೆ ಹೋದರೆ ಪೆಟ್ರೋಲ್ ಜಾಸ್ತಿ, ಹೊರಗೆ ಬಂದರೆ ಗಾಳಿ ಜಾಸ್ತಿ. ಕೇಬಲ್ ಸಡಿಲ ಬಿಟ್ಟು ಸ್ಲೋ ಸ್ಕ್ರೂಗಳನ್ನು ಕಾರ್ಬೋರೇಟರ್ ಒಳಗಿನ ಸ್ಲೈಡಿಗೆ ತಾಗುವಷ್ಟು ತಂದು, ಅಲ್ಲಿಂದ ಎರಡನ್ನೂ ಸಮನಾಗಿ ತಿರುಗಿಸು. 3 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪು ತುದಿಯನ್ನು ಸ್ಲೈಡಿನ ಅಡಿಗೆ ಇಟ್ಟು ಅಳೆದರೆ ಎರಡೂ ಕಡೆ ಒಂದೇ ಬಿಗಿ ಸಿಗಬೇಕು.

ಎಂಜಿನ್ ಬಿಸಿಯಾದ ಮೇಲೆ ಎರಡು ಸೈಲೆನ್ಸರಿನ ಹಿಂದೆ ಎರಡು ಅಂಗೈ ಹಿಡಿ. ಹೊಡೆತ ಸಮ ಇದೆಯಾ ಅಂತ ಕೈಗೇ ಗೊತ್ತಾಗುತ್ತದೆ. ನಿಮ್ಮ ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ನಿನಗೂ ಬರುತ್ತದೆ, ಆತುರಪಡಬೇಡ.

ಸ್ಲೋ ಸರಿಯಾದ ಮೇಲೆ ಎಂಜಿನ್ ಆರಿಸಿ ಏರ್ ಬಾಕ್ಸಿನ ರಬ್ಬರ್ ಕಳಚು. ಎರಡೂ ಬಾಯಿಗೆ ಬೆರಳಿಟ್ಟು ಇನ್ನೊಬ್ಬರಿಗೆ ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪ ತಿರುಗಿಸಲು ಹೇಳು. ಎರಡು ಸ್ಲೈಡೂ ಒಂದೇ ಕ್ಷಣಕ್ಕೆ ಮೇಲೇಳಬೇಕು. ಹಿಂದುಳಿದ ಕಡೆಯ ಕೇಬಲ್ ಅಡ್ಜಸ್ಟರನ್ನು ಸ್ವಲ್ಪ ಹೊರಗೆ ತಿರುಗಿಸಿ ಲಾಕ್ ನಟ್ ಬಿಗಿ ಮಾಡು. ರಬ್ಬರ್ ಮತ್ತೆ ಕೂಡಿಸಿ ಎಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಸ್ಲೋ ಏರಿದರೆ ಕೇಬಲ್ ಬಿಗಿಯಾಗಿದೆ ಅಂತ ಅರ್ಥ.

ಇನ್ನೊಂದು ವಿಷಯ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಇದು ತೇವ ಹೀರುತ್ತದೆ, ಹಳೆಯ ರಬ್ಬರು ಉಬ್ಬುತ್ತದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ. ಪ್ಲಗ್ಗು ಕಂದು ಬಣ್ಣಕ್ಕಿದ್ದರೆ ಸರಿ. ಬೆಳ್ಳಗಿದ್ದರೆ ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕು, ನಡುವಿನ ವೇಗದಲ್ಲಿ ಮಾತ್ರ ತೊಂದರೆಯಾದರೆ ನೀಡಲ್ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸು. ಮುಳ್ಳಯ್ಯನಗಿರಿಯ ಕಡೆ ಹತ್ತಿದಾಗ ಗಾಳಿ ತೆಳುವಾಗಿ ಗಾಡಿ ಮಂಕಾದರೆ ಅಲ್ಲಿ ಸ್ಕ್ರೂ ಮುಟ್ಟಬೇಡ. ಘಟ್ಟ ಇಳಿದರೆ ತಾನೇ ಸರಿಹೋಗುತ್ತದೆ.

ಬೇಸಿಗೆಗೆ ರಜೆ ಹಾಕಿ ಬಾ. ಸೂಳೆಕೆರೆಯವರೆಗೆ ಹೋಗಿಬರೋಣ, ನೀನು ಓಡಿಸು, ನಾನು ಹಿಂದೆ ಕೂರುತ್ತೇನೆ.

ಕೊನೆಗೊಂದು ಮಾತು, ಇದನ್ನು ಮರೆಯಬೇಡ. ಆಕ್ಸಿಲರೇಟರಿನಿಂದ ಬರುವ ಕೇಬಲ್ ಮೂರಾಗಿ ಒಡೆಯುತ್ತದೆ. ಎರಡು ಕಾರ್ಬೋರೇಟರಿಗೆ, ಒಂದು ಆಯಿಲ್ ಪಂಪಿಗೆ. ಕಾರ್ಬೋರೇಟರ್ ಕೇಬಲ್ ಸರಿಮಾಡಿದಾಗಲೆಲ್ಲ ಪಂಪಿನ ಲೆಕ್ಕ ತಪ್ಪುತ್ತದೆ, ಎಂಜಿನ್ನಿಗೆ ಎಣ್ಣೆ ಸಾಲದೆ ಹೋಗಬಹುದು. ಪಂಪಿನ ಮುಚ್ಚಳ ತೆಗೆದು ಪುಲ್ಲಿಯ ಗುರುತು ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಹಾಗೆ ಪಿನ್ನಿಗೆ ಕೂಡುತ್ತಿದೆಯಾ ನೋಡು. ಅದನ್ನು ನೋಡದೆ ಗಾಡಿ ಹೊರಗೆ ತೆಗೆಯಬೇಡ ಮಗಳೇ.

ಇಂತಿ,
ನಿನ್ನ ಚಿಕ್ಕಪ್ಪ