ಥ್ರಿಲ್ಲರ್ ಆದರೆ ತಪ್ಪೇನು?

ಕೋಸ್ಟಾ-ಗಾವ್ರಾಸ್ ನಿರ್ದೇಶನದ 'ಝಡ್' (1969) ಮೇಲೆ ಅಂದಿನಿಂದಲೂ ಒಂದು ದೂರಿದೆ: ರಾಜಕೀಯ ಕೊಲೆಯೊಂದನ್ನು ಪತ್ತೇದಾರಿ ಕಥೆಯ ಹಾಗೆ ಓಡಿಸಿ, ನೋಡುಗರಿಗೆ ಯೋಚಿಸಲು ಬಿಡುವೇ ಕೊಡುವುದಿಲ್ಲ ಅಂತ. ನಾನು ಖಂಡಿತ ಒಪ್ಪುವುದಿಲ್ಲ.

ಚಿತ್ರದ ಹಿಂದಿರುವುದು ನಿಜ ಘಟನೆ: 1963ರಲ್ಲಿ ಗ್ರೀಸಿನ ಥೆಸಲೋನಿಕಿಯಲ್ಲಿ ಸಂಸದ ಲಾಂಬ್ರಾಕಿಸ್ ಅವರನ್ನು ಪೊಲೀಸರ ಎದುರೇ ಹೊಡೆದುರುಳಿಸಿದರು. ಆಮೇಲೆ ಅದನ್ನು ಅಪಘಾತವೆಂದು ಮುಚ್ಚಿಹಾಕಲು ನೋಡಿದರು. ಹಾಗಿರುವಾಗ ಆ ಸುಳ್ಳನ್ನು ಎಳೆಎಳೆಯಾಗಿ ಬಿಡಿಸುವ ತನಿಖೆಗಿಂತ ದೊಡ್ಡ ರಾಜಕೀಯ ಯಾವುದು? ಟ್ರಿಂಟಿನ್ಯಾನ್ ಅಭಿನಯದ ಮ್ಯಾಜಿಸ್ಟ್ರೇಟ್ ಭಾಷಣ ಬಿಗಿಯುವುದಿಲ್ಲ. ಹೆಸರು ಕೇಳುತ್ತಾನೆ, ಹುದ್ದೆ ಕೇಳುತ್ತಾನೆ, ಆರೋಪ ಓದುತ್ತಾನೆ. ಪದಕ ಹೊತ್ತ ಅಧಿಕಾರಿಗಳು ಒಬ್ಬೊಬ್ಬರಾಗಿ ಹೊರಬಂದು, ಗಾಬರಿಯಲ್ಲಿ ಬೀಗ ಹಾಕಿದ ತಪ್ಪು ಬಾಗಿಲನ್ನೇ ತಳ್ಳುತ್ತಾರೆ. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುವ ದೃಶ್ಯ.

ಒಳ್ಳೆಯವರು-ಕೆಟ್ಟವರ ವಿಭಜನೆ ತೀರಾ ಸರಳ ಎನ್ನುವವರೂ ಇದ್ದಾರೆ. ಕೊಲೆ ಮಾಡಿಸಿದವರ ಬಗ್ಗೆ ಸಮತೋಲನ ಏಕೆ ಬೇಕು?

ಬರೀ ರೋಚಕತೆ ಬೇಕಿದ್ದರೆ ಚಿತ್ರ ಆ ಗೆಲುವಿನಲ್ಲೇ ಮುಗಿಯುತ್ತಿತ್ತು. ಆದರೆ ಕೊನೆಯಲ್ಲಿ ಸಾಕ್ಷಿಗಳು ಸಾಯುತ್ತಾರೆ, ಸೇನೆ ಅಧಿಕಾರ ಹಿಡಿಯುತ್ತದೆ, ಅದು ನಿಷೇಧಿಸಿದ ಸಂಗತಿಗಳ ಪಟ್ಟಿ ತೆರೆಯ ಮೇಲೆ ಬರುತ್ತದೆ. ಈ ಸಿನಿಮಾ ತೆಗೆಯುವಾಗ ಗ್ರೀಸಿನಲ್ಲಿ ಅದೇ ಸೇನಾಡಳಿತವಿತ್ತು. ಚಿತ್ರೀಕರಣ ಅಲ್ಜೀರಿಯಾದಲ್ಲಿ ನಡೆಯಿತು. ಆ ಮ್ಯಾಜಿಸ್ಟ್ರೇಟ್ ಪಾತ್ರಕ್ಕೆ ಮೂಲವಾದ ಸಾರ್ಟ್ಜೆಟಾಕಿಸ್ ಅವರನ್ನು ಆ ಆಡಳಿತವೇ ಜೈಲಿಗೆ ಹಾಕಿತು. 1985ರಲ್ಲಿ ಅವರು ಗ್ರೀಸಿನ ಅಧ್ಯಕ್ಷರಾದರು.